ನಕ್ಷೆಯಲ್ಲಿದ್ದ ಹದಿನೇಳನೇ ದೀಪ

ಬೆಳಗಿನ ಐದೂವರೆ. ಪೇಪರ್ ಹಾಕುವ ಹೆಂಗಸು ಸೈಕಲ್ಲನ್ನು ತಟ್ಟನೆ ನಿಲ್ಲಿಸಿದಳು. ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಇಳಿಯುವ ಕಲ್ಲುಮೆಟ್ಟಿಲುಗಳ ಬುಡದಲ್ಲಿ ಯಾರೋ ಬಿದ್ದಿದ್ದರು. ಸೈಕಲ್ ದೀಪದ ಬೆಳಕಿಗೆ ಮೊದಲು ಕಂಡದ್ದು ಬಿಳಿಗೂದಲು. ಆಮೇಲೆ ರಕ್ತ.

ಸೀಟಿ ತಾತ! ಬಸ್ ಓಡಿಸಿ ನಿವೃತ್ತನಾದ ಮೇಲೆ ಆರು ವರ್ಷದಿಂದ ಶಾಲೆ ಮಕ್ಕಳನ್ನು ಸೀಟಿ ಊದಿ ರಸ್ತೆ ದಾಟಿಸುತ್ತಿದ್ದ ಮುದುಕ. ಉಸಿರಿತ್ತು, ಎಚ್ಚರ ಇರಲಿಲ್ಲ. ಮುಷ್ಟಿಯಲ್ಲಿ ಒಂದು ಹಳದಿ ತೋಳುಪಟ್ಟಿ. ಪಕ್ಕದಲ್ಲಿ ಬಗ್ಗಿ ನಿಂತಿದ್ದವರು ಬೇಕರಿ ಯಜಮಾನರು, ಬಡಾವಣೆ ಸಂಘದ ಅಧ್ಯಕ್ಷರು.

"ಆಂಬುಲೆನ್ಸಿಗೆ ಫೋನ್ ಮಾಡಮ್ಮ, ಬೇಗ!"

"ಏನಾಯ್ತು ಸಾರ್?"

ಅಧ್ಯಕ್ಷರ ಕಣ್ಣು ಆ ಹಳದಿ ಪಟ್ಟಿಯ ಮೇಲೆ ಬಿತ್ತು. "ತಳ್ಳಿಬಿಟ್ಟ ಕಣಮ್ಮ. ಆ ಸ್ಪ್ರಿಂಗ್."

* * *

ಸ್ಪ್ರಿಂಗ್‌ಗೆ ಹದಿನಾರು ವರ್ಷ. ಕೂತಲ್ಲಿ ಕೂರದವನಾದ್ದರಿಂದ ಆ ಹೆಸರು. ಹಳದಿ ಪಟ್ಟಿ ಬೀದಿ ಕಾವಲು ಬಳಗದ್ದು. ಬಡಾವಣೆಯ ಹದಿನಾಲ್ಕು ಹುಡುಗ ಹುಡುಗಿಯರು ತಾವೇ ಕಟ್ಟಿ ತಾವೇ ನಡೆಸುವ ಬಳಗ. ಎಲ್ಲಿ ಕತ್ತಲಿದೆ, ಎಲ್ಲಿ ಚರಂಡಿ ಬಾಯ್ತೆರೆದಿದೆ ಎಂದು ನಡೆದು ನೋಡಿ ಬರೆದುಕೊಳ್ಳುವುದು ಅವರ ಕೆಲಸ. ಮುಂದಾಳು ಸ್ಪ್ರಿಂಗ್‌ನ ದೊಡ್ಡಮ್ಮನ ಮಗಳು. ಹತ್ತೊಂಬತ್ತರವಳು. ಬಡಾವಣೆಯ ನಕ್ಷೆ ಬರೆದವಳಾದ್ದರಿಂದ ಎಲ್ಲರಿಗೂ ಅವಳು ನಕ್ಷೆ.

ಬಳಗಕ್ಕೆ ಬೇಕರಿಯ ಹಿಂದಿನ ಕೋಣೆ ಕೊಟ್ಟವರು ಅಧ್ಯಕ್ಷರೇ. ಬೆಳಿಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರಮ್ಮ ಅದೇ ಕೋಣೆಯಲ್ಲಿ ಕೂತಿದ್ದರು, ಎದುರಿಗೆ ಅಧ್ಯಕ್ಷರು ಮತ್ತು ನಕ್ಷೆ. ಗೋಡೆ ತುಂಬ ನಕ್ಷೆ. ಒಂದೊಂದು ಬೀದಿದೀಪಕ್ಕೂ ಒಂದೊಂದು ಸಂಖ್ಯೆ.

"ನಿನ್ನೆ ಸಂಘದ ಸಭೇಲಿ ಹುಡುಗನಿಗೂ ತಾತನಿಗೂ ಜಗಳ ಆಯ್ತಂತೆ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಆಯ್ತು," ಎಂದಳು ನಕ್ಷೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ರಸ್ತೆ ದಾಟಿಸೋದನ್ನ ಇನ್ಮೇಲೆ ನಾವೇ ನೋಡ್ಕೋತೀವಿ, ನಿಮಗೆ ವಯಸ್ಸಾಯ್ತು ಅಂದ. ತಾತ, ಮೂಗು ಒರೆಸ್ಕೊಳ್ಳೋದು ಕಲಿತ್ಕೊಂಡು ಬಾ ಅಂದ್ರು."

"ಅಧ್ಯಕ್ಷರೇ, ಆ ಕತ್ತಲಲ್ಲಿ ನೀವು ಹುಡುಗನ ಮುಖ ಹೇಗೆ ನೋಡಿದ್ರಿ?"

ಅಧ್ಯಕ್ಷರು ಗೋಡೆಯತ್ತ ಬೆರಳು ತೋರಿಸಿದರು. "ಮೆಟ್ಟಿಲ ಮೇಲೆ ಹದಿನೇಳನೇ ದೀಪ ಇದೆಯಲ್ಲ. ಅದರ ಕೆಳಗೇ ನಿಂತಿದ್ದ. ನೆತ್ತಿ ಮೇಲೆ ಬೆಳಕು. ಹಗಲಿನ ಹಾಗೆ ಕಾಣ್ತು."

ಇನ್‌ಸ್ಪೆಕ್ಟರಮ್ಮ ಬರೆದುಕೊಂಡರು. "ಹುಡುಗನ್ನ ನಾಳೆ ಬೆಳಿಗ್ಗೆ ಬಾಲಮಂದಿರಕ್ಕೆ ಕಳಿಸ್ತೀನಿ. ನಿಮ್ಮ ಬಳಗ ಸದ್ಯಕ್ಕೆ ಬೀದಿಗೆ ಇಳಿಯೋದು ಬೇಡ."

"ಮಕ್ಕಳ ಕೈಗೆ ಇಂಥ ಕೆಲಸ ಕೊಟ್ಟಿದ್ದೇ ತಪ್ಪಾಯ್ತು ಮೇಡಂ," ಎಂದು ಅಧ್ಯಕ್ಷರು ನಿಟ್ಟುಸಿರಿಟ್ಟರು.

* * *

ಠಾಣೆಯ ಬೆಂಚಿನ ಮೇಲೆ ಸ್ಪ್ರಿಂಗ್ ಅಲ್ಲಾಡದೆ ಕೂತಿದ್ದ. ಅವನು ಹಾಗೆ ಕೂತದ್ದನ್ನು ನಕ್ಷೆ ಎಂದೂ ನೋಡಿರಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಪಕ್ಕದಲ್ಲಿ ಅವನ ಅಮ್ಮ, ನಕ್ಷೆಯ ಚಿಕ್ಕಮ್ಮ, ಅತ್ತೂ ಅತ್ತೂ ಸೋತಿದ್ದಳು.

"ನಿನ್ನ ಪಟ್ಟಿ ತಾತನ ಕೈಗೆ ಹೇಗೆ ಹೋಯ್ತೋ?"

"ನಾನೇ ಕೊಟ್ಟೆ ಅಕ್ಕ. ರಾತ್ರಿ ಊಟ ಆದ್ಮೇಲೆ ಹೋಗಿ ತಪ್ಪಾಯ್ತು ಅಂದೆ."

"ಮತ್ತೆ ಪೊಲೀಸ್ರಿಗೆ ಹೇಳೋಕೆ ಏನು ಧಾಡಿ?"

"ಹೇಳ್ದೆ. ನಗಾಡಿದ್ರು." ಅವನು ಮೂಗೇರಿಸಿದ. "ಮಕ್ಕಳು ಜಾರಬಾರದು ಅಂತ ತಾತ ದಿನಾ ಬೆಳಿಗ್ಗೆ ಮೆಟ್ಟಿಲಿನ ಎಲೆ ಗುಡಿಸ್ತಾನೆ. ಕತ್ತಲಲ್ಲಿ ಗುಡಿಸ್ತೀಯ, ಬೀದಿಗೆ ಇಳಿದ್ರೆ ಗಾಡಿಯವರಿಗೆ ಕಾಣಲ್ಲ, ಇದನ್ನ ಕಟ್ಕೋ ಅಂದೆ. ಅವನ ತೋಳಿಗೆ ಅದು ದೊಗಳೆ. ಜಾರಿ ಜಾರಿ ಅಂಗೈಗೆ ಬರ್ತಿತ್ತು. ಇಬ್ರೂ ನಕ್ವಿ."

ನಕ್ಷೆ ಎದ್ದು ನಿಂತಳು.

"ಕತ್ತಲಾ? ಮೆಟ್ಟಿಲ ಮೇಲೆ ದೀಪ ಇದೆಯಲ್ಲೋ."

"ಎಲ್ಲಿದೆ? ಅರ್ಜಿ ಹಾಕಿದ್ದೀವಲ್ಲ, ಇನ್ನೂ ಬಂದಿಲ್ಲ ಅಂದ್ಕೊಂಡಿದ್ದೆ."

* * *

ಸಂಜೆ ಆರೂವರೆಗೆ ಬೀದಿದೀಪಗಳು ಹತ್ತಿಕೊಂಡವು. ನಕ್ಷೆ ಮೇಲಿನ ಬೀದಿಯ ತುದಿಯಿಂದ ಎಣಿಸುತ್ತ ಬಂದಳು. ಹದಿನಾಲ್ಕು. ಹದಿನೈದು. ಹದಿನಾರು. ಆಮೇಲೆ ಮೆಟ್ಟಿಲು, ಗಸಗಸೆಯಷ್ಟೂ ಬೆಳಕಿಲ್ಲದ ಮೆಟ್ಟಿಲು. ಕೆಳಗೆ ದೂರದಲ್ಲಿ, ಬೇಕರಿಯ ತಿರುವಿನಲ್ಲಿ, ಹದಿನೆಂಟು.

ಹದಿನೇಳು ಇರಬೇಕಾದಲ್ಲಿ ಒಂದು ಕಂಬ ಇತ್ತು. ಕೊಂಬೆಗಳು ಕವಿದ ಕಂಬ. ಟಾರ್ಚ್ ಬಿಟ್ಟು ನೋಡಿದಳು. ತುದಿಯಲ್ಲಿ ಟೆಲಿಫೋನ್ ತಂತಿಯ ಒಂದು ಡಬ್ಬಿ. ಅಷ್ಟೇ.

ಟಾರ್ಚ್ ಆರಿಸಿ ಮೇಲಿನ ಮೆಟ್ಟಿಲ ಮೇಲೆ ಕೂತಳು. ದೀಪ ಎಣಿಸಬೇಕಾದದ್ದು ದೀಪ ಹತ್ತಿದ ಮೇಲೆ, ಅದೂ ಇಬ್ಬಿಬ್ಬರಾಗಿ. ಈ ನಿಯಮ ಮಾಡಿದವಳು ಅವಳೇ. ಆದರೆ ಮೆಟ್ಟಿಲಿನ ಭಾಗ ಅವಳ ಪಾಲಿಗೆ ಬಂದಾಗ ಪರೀಕ್ಷೆ ಹತ್ತಿರವಿತ್ತು. ಒಬ್ಬಳೇ, ಮಟಮಟ ಮಧ್ಯಾಹ್ನ ಬಂದು, ಕಂಬ ಕಂಡು, ಎಲೆಯ ಮರೆಯಲ್ಲಿ ದೀಪ ಇರಲೇಬೇಕೆಂದು ಸಂಖ್ಯೆ ಹಾಕಿ ಹೋಗಿದ್ದಳು. ನಗರಸಭೆಯವರು ನಕ್ಷೆ ನೋಡಿಯೇ ಹೊಸ ದೀಪ ಹಂಚಿದ್ದರು. ಮೆಟ್ಟಿಲಿಗೆ ಒಂದೂ ಬರಲಿಲ್ಲ. ಬರುವುದಾದರೂ ಹೇಗೆ?

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ಬಾಗಿಲು ಹಾಕಿದಳು.

"ಮೆಲ್ಲಗೆ ಮಾತಾಡೇ! ಹುಡುಗನ್ನ ಬಿಡಿಸೋಕೆ ಬೇರೆ ದಾರಿ ನೋಡೋಣ. ನಿನ್ನಿಂದಲೇ ಅಲ್ಲಿ ದೀಪ ಇಲ್ಲ ಅಂತ ಗೊತ್ತಾದ್ರೆ ಜನ ನಿನ್ನನ್ನೇ ಹರಿದು ಮುಕ್ತಾರೆ."

ಅಜ್ಜಿ ಹೇಳುವ ಕಥೆಗಳಲ್ಲಿ ಏಳು ಬಾಗಿಲು ತೆರೆದವಳಿಗೆ ಎಂಟನೆಯದನ್ನು ಮಾತ್ರ ಮುಟ್ಟಬೇಡ ಎನ್ನುವವರು ಇದ್ದೇ ಇರುತ್ತಾರೆ, ಮತ್ತು ಹಾಗೆನ್ನುವವರು ಎಷ್ಟೋ ಸಲ ಪ್ರೀತಿಯಿಂದಲೇ ಅನ್ನುತ್ತಾರೆ. ನಕ್ಷೆ ಅಮ್ಮನ ಕೈ ಒತ್ತಿದಳು. ಆಮೇಲೆ ಇನ್‌ಸ್ಪೆಕ್ಟರಮ್ಮನಿಗೆ ಫೋನ್ ಮಾಡಿದಳು.

* * *

ಅರ್ಧ ಗಂಟೆಯಲ್ಲಿ ಮೆಟ್ಟಿಲ ಬುಡದಲ್ಲಿ ಎಲ್ಲರೂ ಸೇರಿದ್ದರು. ಇನ್‌ಸ್ಪೆಕ್ಟರಮ್ಮ, ಇಬ್ಬರು ಪೇದೆಗಳು, ಬಳಗದ ಮಕ್ಕಳು, ಚಿಕ್ಕಮ್ಮ. ಅಧ್ಯಕ್ಷರು ಕೈಯ ಹಿಟ್ಟು ಕೊಡವುತ್ತ ಬಂದರು.

"ಅಂಕಲ್, ಬೆಳಿಗ್ಗೆ ನೀವು ನಿಂತಿದ್ದ ಜಾಗದಲ್ಲೇ ನಿಂತ್ಕೊಳ್ಳಿ," ಎಂದಳು ನಕ್ಷೆ. "ಮೇಲೆ ಒಬ್ಬಳು ನಿಂತಿದ್ದಾಳೆ. ಯಾರು ಹೇಳಿ."

ಅಧ್ಯಕ್ಷರು ತಲೆಯೆತ್ತಿದರು. ಬರೀ ಕತ್ತಲು. "ಇವತ್ತು ಬಲ್ಬ್ ಹೋಗಿರ್ಬೇಕು."

"ಅಲ್ಲಿ ಬಲ್ಬೇ ಇಲ್ಲ ಅಂಕಲ್. ಯಾವತ್ತೂ ಇರಲಿಲ್ಲ. ಅದು ಟೆಲಿಫೋನ್ ಕಂಬ." ಅವಳು ಟಾರ್ಚನ್ನು ಕಂಬದ ತುದಿಗೆ ಹಿಡಿದಳು. "ಹದಿನೇಳನೇ ದೀಪ ಇಡೀ ಭೂಮಿ ಮೇಲೆ ಒಂದೇ ಕಡೆ ಇರೋದು. ನಾನು ತಪ್ಪಾಗಿ ಬರೆದ ನಕ್ಷೆಯಲ್ಲಿ. ಮಂಡಿನೋವು ಅಂತ ನೀವು ಮೆಟ್ಟಿಲು ಹತ್ತಿ ವರ್ಷಗಳಾಯ್ತು. ಮೇಲೇನಿದೆ ಅಂತ ನಿಮಗೆ ಗೊತ್ತಿರೋದು ಆ ಗೋಡೆ ನೋಡಿ. ಅದನ್ನೇ ಓದಿ ಸಾಕ್ಷಿ ಹೇಳಿದ್ರಿ."

"ಏನಮ್ಮ, ಉಪಕಾರ ಮಾಡಿದವರ ಮೇಲೇ..."

"ತಾತ ಗುಡಿಸೋಕೆ ಬಂದಿದ್ರು. ಪೊರಕೆ ಎಲ್ಲಿ?"

ಇನ್‌ಸ್ಪೆಕ್ಟರಮ್ಮ ನಿಧಾನವಾಗಿ ಹೇಳಿದರು: "ಡಾಕ್ಟರ ಮಾತು ನನ್ನನ್ನ ಆಗಲೇ ಕೊರೀತಿತ್ತು. ಮೆಟ್ಟಿಲಿಂದ ಉರುಳಿದವನ ಮೊಣಕೈ ಮೊಣಕಾಲು ತರಚಬೇಕು. ತಾತನಿಗೆ ಅಲ್ಲೆಲ್ಲೂ ಒಂದು ಗೀರೂ ಇಲ್ಲ. ಮುರಿದಿರೋದು ಸೊಂಟ, ಅದೂ ಹಿಂದಿನಿಂದ, ಗಾಡಿ ಗುದ್ದಿದ ಹಾಗೆ. ನಿಮ್ಮ ಬ್ರೆಡ್ ವ್ಯಾನ್ ನೋಡಬಹುದಾ?"

ಪೇದೆ ಹತ್ತು ನಿಮಿಷದಲ್ಲಿ ವಾಪಸು ಬಂದ. ಹಿಂದಿನ ಬಂಪರ್ ಒಳಕ್ಕೆ ಹೋಗಿತ್ತು. ಬ್ರೆಡ್ ಟ್ರೇಗಳ ಹಿಂದೆ, ಹಿಡಿ ಮುರಿದ ಪೊರಕೆ.

ಅಧ್ಯಕ್ಷರು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇಲ್ಲೇ ಬೀದೀಲಿ ವ್ಯಾನ್ ಹಿಂದೆ ತಗೋತಿದ್ದೆ, ತಾತ ಹಿಂದೆ ಇದ್ದ. ವ್ಯಾನಿನ ಹಿಂದಿನ ದೀಪ ಕೆಟ್ಟು ತಿಂಗಳಾಗಿತ್ತು. ನೋಡ್ಲಿಲ್ಲ, ದೇವರಾಣೆ ನೋಡ್ಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎಳ್ಕೊಂಡು ಬಂದು ಇಲ್ಲಿ ಮಲಗಿಸ್ದೆ, ಬಿದ್ದ ಅಂದ್ಕೊಳ್ಲಿ ಅಂತ. ಅಷ್ಟರಲ್ಲಿ ಪೇಪರಮ್ಮ ಬಂದ್ಳು. ತಾತನ ಕೈಯಲ್ಲಿ ಪಟ್ಟಿ ಕಾಣ್ತು. ನಿನ್ನೆ ಜಗಳ ನೆನಪಾಯ್ತು. ಬಾಯಿಗೆ ಬಂದುಬಿಡ್ತು."

"ಬಾಯಿಗೆ ಬಂದಿದ್ದು ನನ್ನ ಮಗನ ಬದುಕು," ಎಂದಳು ಚಿಕ್ಕಮ್ಮ. ಗಟ್ಟಿಯಾಗಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

* * *

ಮೂರನೇ ದಿನ ತಾತ ಕಣ್ಣು ಬಿಟ್ಟ. ಆ ಬೆಳಗಿನದು ಏನೂ ನೆನಪಿಲ್ಲ. ಇನ್ನು ಕೋಲಿಲ್ಲದೆ ನಡೆಯಲಾರನಂತೆ. ನಕ್ಷೆ ಮಂಚದ ಪಕ್ಕ ನಿಂತು ಎಲ್ಲ ಹೇಳಿದಳು, ಪರೀಕ್ಷೆ, ಮಧ್ಯಾಹ್ನ, ಕಂಬ. ತಾತ ಪರವಾಗಿಲ್ಲ ಎನ್ನಲಿಲ್ಲ. "ಸರಿ ಮಾಡು," ಎಂದ.

ಬೇಕರಿಯ ಕೋಣೆಗೆ ಬೀಗ ಬಿದ್ದಿತ್ತು. ಸಂಜೆ ಬಳಗ ಪಾದಚಾರಿ ಕಟ್ಟೆಯ ಮೇಲೆಯೇ ಸೇರಿತು. ನಗರಸಭೆಗೆ ಬರೆದ ಕಾಗದವನ್ನು ನಕ್ಷೆ ಓದಿದಳು: ತಪ್ಪು ನನ್ನದು, ಸಹಿ ನನ್ನದು. "ಇನ್ಮೇಲೆ ಮುಂದಾಳು ಬೇರೆ ಯಾರಾದ್ರೂ ಆಗಿ," ಎಂದಳು.

"ತಪ್ಪು ಮಾಡಿ ಓಡಿಹೋಗೋಕೆ ನೀನೇನು ಅಧ್ಯಕ್ಷರಾ?" ಎಂದ ಸ್ಪ್ರಿಂಗ್.

ಎಲ್ಲರಿಗಿಂತ ಕಿರಿಯವಳು, ಹನ್ನೆರಡರ ಹುಡುಗಿ, ಕೇಳಿದಳು: "ಅಕ್ಕ, ಒಂದು ದೀಪ ತಪ್ಪಿದ್ರೆ ಉಳಿದವೆಲ್ಲ ಸರಿ ಅಂತ ಹೇಗೆ ಗೊತ್ತು?"

ಬೀದಿದೀಪಗಳು ಹತ್ತಿಕೊಂಡವು. ನಕ್ಷೆ ತನ್ನ ಬಳಿಯಿದ್ದ ಹಳೆಯ ನಕ್ಷೆಯ ಪ್ರತಿಯನ್ನು ಮಗುಚಿ ಹಿಂಬದಿಯ ಖಾಲಿ ಹಾಳೆಯನ್ನು ರಟ್ಟಿಗೆ ಸಿಕ್ಕಿಸಿದಳು. ಪೆನ್ಸಿಲನ್ನು ಆ ಹುಡುಗಿಯ ಕೈಗಿಟ್ಟಳು.

"ಗೊತ್ತಿಲ್ಲ," ಎಂದಳು. "ನಡಿ, ಒಂದರಿಂದ ನೋಡೋಣ."