ಒಂದು ‘ಹೌದ್ರಿ’ಯ ಲೆಕ್ಕ

ಈಶಪ್ಪ ಹೇಳಲು ಬಂದಿದ್ದ ಮಾತು ತೀರ ಚಿಕ್ಕದು. ‘ಮಲ್ಕಪ್ಪ ಸರ್ ಬರೂದಿಲ್ರಿ ಟೀಚರ್, ಹೆಂಡತಿ ಹೆರಿಗಿ ಅಂತ ಗುರುಮಠಕಲ್‌ಗೆ ಹೋಗ್ಯಾರ.’ ಇಷ್ಟೇ. ಗೆಳೆಯನ ಈ ಮಾತನ್ನು ಮುಟ್ಟಿಸಿ, ಬಿಸಿಲು ಏರುವುದರೊಳಗೆ ಶಹಾಪುರಕ್ಕೆ ವಾಪಸು ಹೋಗಿ ಮಲಗುವ ಯೋಚನೆ ಅವನದು. ರಜೆಯಲ್ಲಿ ಪಿ.ಟಿ. ಮಾಸ್ತರನಿಗೆ ಬೇರೆ ಏನು ಕೆಲಸ?

ಹುಡುಗಿಯರ ಬೇಸಿಗೆ ಗಣಿತ ಕ್ಯಾಂಪ್ ಇದ್ದದ್ದು ಭೀಮರಾಯನಗುಡಿಯ ಹಳೆಯ ತಗಡಿನ ಶೀಟಿನ ಹಾಲ್‌ನಲ್ಲಿ; ಅದರ ಮುಂದೆ ಲೂನಾ ನಿಲ್ಲಿಸಿ ತಲೆ ಎತ್ತಿದ. ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಬಡಿಗೇರನ ಹಾಗೆ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಕಣ್ಣು ಮಾತ್ರ ಬಡಿಗೇರನದಲ್ಲ.

“ಬಂದ್ರಾ? ಗಣಿತದ ಮಾಸ್ತರ ನೀವೇ ಅಲ್ಲೇನ್ರಿ? ನಾ ಮೋನಮ್ಮ, ಸುರಪುರದಾಕಿ. ನಿಮ್ಮ ಹೆಸರು ಸುದ್ದಾ ನನಗ ಯಾರೂ ಹೇಳಿಲ್ಲ ನೋಡ್ರಿ. ಇನ್ನ ಸ್ವಲ್ಪ ತಡಾ ಮಾಡಿದ್ರ ಈ ಹುಡಿಗ್ಯಾರ್ನ ಮನಿಗೆ ಕಳಿಸಿಬಿಡಾಕಿದ್ದೆ. ಇಬ್ಬರು ಕಲಿಸಾವರು ಇರ್ಲಿಲ್ಲಂದ್ರ ಕ್ಯಾಂಪ್ ನಡಸಂಗಿಲ್ಲ ಅಂತ ಸಂಸ್ಥೆಯವರು ಕಡಕ್ ಹೇಳ್ಯಾರ.”

ಅವಳ ಹಿಂದೆ, ಜಮಖಾನದ ಮೇಲೆ, ಹುಡುಗಿಯರು ಕುಳಿತಿದ್ದರು. ಚೀಲಗಳು ಇನ್ನೂ ತೊಡೆಯ ಮೇಲೇ ಇದ್ದವು. ಇಳಿಸಬೇಕೋ, ಎತ್ತಿಕೊಂಡು ಹೊರಡಬೇಕೋ ಎಂದು ಯಾರಿಗೂ ತಿಳಿಯದು. ಎಲ್ಲರೂ ಈಶಪ್ಪನನ್ನೇ ನೋಡುತ್ತಿದ್ದರು. ಅವನು ಮೋನಮ್ಮನನ್ನು ನೋಡುತ್ತಿದ್ದ.

“ಹೌದ್ರಿ,” ಎಂದ.

ನಮ್ಮ ಕಡೆ ಹೌದ್ರಿ ಎನ್ನುವುದು ಯೋಚನೆಗಿಂತ ಮೊದಲೇ ಬಾಯಿಂದ ಹೊರಡುತ್ತದೆ. ಸಾಹೇಬರು ಕೇಳಿದರೂ ಹೌದ್ರಿ, ಬಸ್ ಕಂಡಕ್ಟರ್ ಕೇಳಿದರೂ ಹೌದ್ರಿ. ಆದರೆ ಆ ಹೊತ್ತಿನ ಹೌದ್ರಿಯಲ್ಲಿ ಅರ್ಧ ಆ ಚೀಲಗಳಿಗಾಗಿ ಇತ್ತು, ಅರ್ಧ ಆ ಪೆನ್ಸಿಲ್ಲಿಗಾಗಿ. ಸುಳ್ಳು ಹೇಳಿದೆ ಎಂದು ಅವನಿಗೆ ತಿಳಿಯುವುದರೊಳಗೆ ಅವಳು ಅವನ ಕೈಯಲ್ಲಿ ಸೀಮೆಸುಣ್ಣ ಇಟ್ಟಾಗಿತ್ತು.

ಹತ್ತನೆಯ ಕ್ಲಾಸಿನಲ್ಲಿ ಗಣಿತ ಪಾಸಾಗಲು ಎಷ್ಟು ಬೇಕೋ ಅಷ್ಟೇ ಅಂಕ ತೆಗೆದವನು ಈಶಪ್ಪ. ಅದೂ ದೇವರ ದಯೆ. ಗಂಡುಹುಡುಗರ ಹೈಸ್ಕೂಲಿನಲ್ಲಿ ಸೀಟಿ ಊದುತ್ತ, ಕಬಡ್ಡಿ ಆಡಿಸುತ್ತ ಸುಖವಾಗಿದ್ದ. ಈಗ ಅವನ ಪಾಲಿಗೆ ಭಿನ್ನರಾಶಿ ಬಂದಿತ್ತು.

“ನಮ್ಮಲ್ಲಿ ಒಂದ ಕಾಯ್ದೆ ಐತ್ರಿ ಸರ್,” ಎಂದಳು ಮೋನಮ್ಮ, ಹುಡುಗಿಯರಿಗೂ ಕೇಳುವಂತೆ. “ಇಲ್ಲಿ ಡಸ್ಟರ್ ಇಲ್ಲ. ತಪ್ಪು ಅಳಸಂಗಿಲ್ಲ. ತಪ್ಪು ಮಾಡಿದವರು ಓಡಿಹೋಗಂಗಿಲ್ಲ. ಅಲ್ಲೇ ನಿಂತು ಮತ್ತ ಮೊದಲಿಂದ ಮಾಡ್ಬೇಕು. ನಡೀತೈತೇನ್ರಿ?”

“ನಡೀತೈತ್ರಿ,” ಎಂದ ಈಶಪ್ಪ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಅದು ಬಿಸಿಲಿನದಲ್ಲ.

ಹುಡುಗಿಯರನ್ನು ಎರಡು ಗುಂಪು ಮಾಡಿ, ಆರು ಏಳನೆಯ ಕ್ಲಾಸಿನವರನ್ನು ಅವನಿಗೆ ಕೊಟ್ಟಳು. ಅವನು ಬೋರ್ಡಿನ ಮೇಲೆ ಅರ್ಧವನ್ನೂ ಮೂರನೇ ಒಂದನ್ನೂ ಬರೆದ. ನಡುವೆ ಕೂಡಿಸುವ ಗುರುತು ಹಾಕಿದ. ಆಮೇಲೆ ಧೈರ್ಯ ಮಾಡಿ, ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಐದರಲ್ಲಿ ಎರಡು ಎಂದು ಬರೆದುಬಿಟ್ಟ. ಅವನಿಗೆ ಅದು ಬಹಳ ನ್ಯಾಯವಾಗಿ ಕಂಡಿತು.

ಹುಡುಗಿಯರು ಸುಮ್ಮನೆ ಬರೆದುಕೊಳ್ಳತೊಡಗಿದರು. ಹಿಂದಿನ ಸಾಲಿನ ಒಬ್ಬಳು ಮಾತ್ರ ಬರೆಯಲಿಲ್ಲ. ಕರೆಮ್ಮ ಎಂದು ಹೆಸರು, ವನದುರ್ಗದವಳು. ಮಾತನಾಡುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ. ಈಗಲೂ ಅಂಗೈಯೊಳಗೇ ಏನೋ ಗುಣುಗುಣು ಎಂದಳು.

“ಏನವ್ವಾ? ಜೋರಾಗಿ ಹೇಳು.”

“ತಪ್ಪೈತ್ರಿ ಸರ್,” ಎಂದಳು ಕರೆಮ್ಮ. “ಅರ್ಧ ರೊಟ್ಟಿ ತಿಂದು, ಮ್ಯಾಲ ಇನ್ನೊಂದು ತುಣುಕು ತಿಂದ್ರ, ಅರ್ಧಕ್ಕಿಂತ ಕಡಿಮಿ ತಿಂದಂಗ ಹೆಂಗಾಗ್ತೈತ್ರಿ?”

ಈಶಪ್ಪ ಬೋರ್ಡ್ ನೋಡಿದ. ಕರೆಮ್ಮನನ್ನು ನೋಡಿದ. ಮತ್ತೆ ಬೋರ್ಡ್ ನೋಡಿದ. ಇಷ್ಟು ವರ್ಷ ಯಾರೂ ಅವನಿಗೆ ಭಿನ್ನರಾಶಿಯನ್ನು ರೊಟ್ಟಿ ಎಂದು ಹೇಳಿರಲಿಲ್ಲ.

“ಖರೇ ಐತಲ್ಲ!” ಎಂದ. “ಹಂಗಾರ ಹೆಂಗ ಮಾಡ್ಬೇಕು? ಬಾ, ನನಗ ತೋರಿಸು.”

ಅವಳು ಎದ್ದು ಬಂದಳು. ಸೀಮೆಸುಣ್ಣ ಹಿಡಿಯಲು ಕೈ ಬೇಕಾಯಿತು, ಬಾಯಿ ತಾನಾಗಿ ತೆರೆಯಿತು. ಬೋರ್ಡಿನ ಮೇಲೆ ರೊಟ್ಟಿ ಬರೆದು ಆರು ಪಾಲು ಮಾಡಿದಳು. ಅರ್ಧ ಎಂದರೆ ಮೂರು ಪಾಲು, ಮೂರನೇ ಒಂದು ಎಂದರೆ ಎರಡು ಪಾಲು, ಎಲ್ಲ ಸೇರಿ ಆರರಲ್ಲಿ ಐದು. ಮುಗಿದಾಗ ಈಶಪ್ಪ ಕಬಡ್ಡಿ ಗೆದ್ದಷ್ಟು ಜೋರಾಗಿ ಚಪ್ಪಾಳೆ ತಟ್ಟಿದ. ಹುಡುಗಿಯರೂ ತಟ್ಟಿದರು.

ಕಿಟಕಿಯ ಆಚೆ ಮೋನಮ್ಮ ನಿಂತಿದ್ದಳು.

ಮಧ್ಯಾಹ್ನ ಬೇವಿನ ಮರದಡಿ ಚಹಾ ಕುಡಿಯುವಾಗ ಹತ್ತಿರ ಬಂದಳು. “ಎಷ್ಟ್ ಶ್ಯಾಣ್ಯಾರದೀರಿ ಸರ್! ಬೇಕಂತ ತಪ್ಪು ಮಾಡಿದ್ರಿ, ಹೌದಲ್ಲೇನ್ರಿ? ಆ ಹುಡಿಗಿ ಬಾಯಿ ಬಿಡಲಿ ಅಂತ. ನನಗ ಹೊಳೀಲೇ ಇಲ್ಲ ನೋಡ್ರಿ.”

“ಅದು ಹಂಗಲ್ರಿ ಟೀಚರ್…”

“ಸಾಕು ಬಿಡ್ರಿ, ನಾಚಿಕೋಬ್ಯಾಡ್ರಿ. ನನಗ ತಪ್ಪು ಮಾಡಾಕ ಬರೂದೇ ಇಲ್ಲ. ಸಣ್ಣಾಕಿದ್ದಾಗಿಂದ ಹಂಗೇ. ಅದಕ್ಕ ಹುಡಿಗ್ಯಾರು ನನ್ನ ಮುಂದ ಅಂಜತಾರ.” ಇದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ಬೀಗುತ್ತ ಹೇಳಿದ್ದಲ್ಲ, ದುಃಖದಿಂದ ಹೇಳಿದ್ದು. ಈಶಪ್ಪನಿಗೆ ಅವಳ ಮೇಲೆ ಅಕ್ಕರೆ ಉಕ್ಕಿತು. ನಿಜ ಹೇಳುವುದನ್ನು ನಾಳೆಗೆ ಮುಂದೂಡಿದ.

ಚಹಾ ಮಾಡುವ ಮುನ್ನಿಬೀ ಅವನನ್ನು ಚಿಕ್ಕವನಿದ್ದಾಗಿನಿಂದ ಬಲ್ಲವಳು. ಲೋಟ ತೆಗೆದುಕೊಳ್ಳಲು ಬಂದಾಗ ಮೆಲ್ಲಗೆ ಅಂದಳು: “ಸೀಟಿ ಊದಾವಗ ಹಿಸಾಬ್ ಯಾಕೋ ಬೇಟಾ?”

“ಖಾಲಾ, ನಿನ್ನ ಕಾಲು ಬೀಳ್ತೀನಿ, ಹೇಳಬ್ಯಾಡ.”

“ನಾ ಯಾಕ ಹೇಳ್ಲಿ? ನಿನ್ನ ಬಾಯೀಲೇ ಬರಬೇಕು ಅದು.”

ಬರಲಿಲ್ಲ. ದಿನಗಳು ಹೋದವು. ಈಶಪ್ಪ ದಿನಾ ತಪ್ಪು ಮಾಡಿದ, ಹುಡುಗಿಯರು ದಿನಾ ಹಿಡಿದರು. ಮೊದಲು ಕರೆಮ್ಮ ಒಬ್ಬಳೇ, ಆಮೇಲೆ ಎಲ್ಲರೂ. ‘ತಪ್ಪೈತ್ರಿ ಸರ್!’ ಎಂಬ ಕೂಗು ಶೀಟಿಗೆ ಬಡಿದು ಹೊರಗಿನ ಕಾಗೆಗಳನ್ನು ಎಬ್ಬಿಸುತ್ತಿತ್ತು. ಸೋಜಿಗವೆಂದರೆ, ತನಗೂ ಲೆಕ್ಕ ಬರತೊಡಗಿದ್ದು ಈಶಪ್ಪನಿಗೆ ಗೊತ್ತಾಯಿತು.

ಬೇಸಿಗೆಗೆಂದು ಕಾಲುವೆಯ ನೀರು ನಿಲ್ಲಿಸಿದ್ದರು. ಒಂದು ಸಂಜೆ ಮೋನಮ್ಮ ಎಲ್ಲರನ್ನೂ ಆ ಒಣಗಿದ ಕಾಲುವೆಗೆ ಕರೆದೊಯ್ದಳು. ಕೆಳಗೆ ಸಣ್ಣದು, ಮೇಲೆ ಅಗಲ. ಇದರಲ್ಲಿ ನೀರು ಎಷ್ಟು ಹಿಡಿಯುತ್ತದೆ ಎಂದು ಹುಡುಗಿಯರು ಹಗ್ಗ ಹಿಡಿದು ಅಳೆಯುತ್ತ ಓಡಾಡಿದರು. ಇಳಿಜಾರಿನಲ್ಲಿ ಮೋನಮ್ಮನ ಚಪ್ಪಲಿ ಜಾರಿತು. ಈಶಪ್ಪ ಕೈ ಕೊಟ್ಟ. ತಳ ಮುಟ್ಟಿದ ಮೇಲೂ ಇಬ್ಬರಿಗೂ ಕೈ ಬಿಡುವುದು ನೆನಪಾಗಲಿಲ್ಲ.

“ಕೆನ್ನಿಗೆ ಸುಣ್ಣ ಹತ್ತೈತ್ರಿ,” ಎಂದಳು ಕೊನೆಗೆ, ಕೈ ಬಿಡಿಸಿಕೊಂಡು.

ಅವನು ಬಲಗೆನ್ನೆ ಒರೆಸಿಕೊಂಡ.

“ಅಲ್ರಿ, ಆ ಕಡಿ.”

ಗಾಬರಿಯಲ್ಲಿ ಮತ್ತೆ ಬಲಗೆನ್ನೆಯನ್ನೇ ಒರೆಸಿಕೊಂಡ.

“ಇದೂ ಬೇಕಂತ ಮಾಡಿದ್ರೇನು?” ಎಂದು ನಕ್ಕಳು. ಸೆರಗಿನ ತುದಿಯಿಂದ ತಾನೇ ಒರೆಸಿದಳು. ನಗು ನಿಂತಮೇಲೂ ಕಣ್ಣು ಅವನ ಮೇಲೇ ಇತ್ತು. “ಬರೂ ವರ್ಷ ಸುರಪುರದಾಗ, ಯಾದಗಿರಿಯಾಗ ಸುದ್ದಾ ಕ್ಯಾಂಪ್ ಮಾಡೂಣು ಅಂತಾರ. ನೀವು ಜೊತಿಗಿದ್ರ ನಾ ಒಪ್ಪತೀನಿ. ನಿಮ್ಮಂಥಾ ಶ್ಯಾಣ್ಯಾ ಮನಿಶಾನ್ನ ನಾ ನೋಡಿಲ್ರಿ.”

ಅವತ್ತು ಲೂನಾ ಓಡಿಸುತ್ತ ಹೋಗುವಾಗ ಈಶಪ್ಪನಿಗೆ ಹಾಡಬೇಕೆನಿಸಿತು, ಅಳಬೇಕೆಂದೂ ಅನಿಸಿತು. ಅವಳು ಮೆಚ್ಚಿದ್ದು ಯಾರನ್ನು? ಬೇಕೆಂದೇ ತಪ್ಪು ಮಾಡುವ ಒಬ್ಬ ಬುದ್ಧಿವಂತನನ್ನು. ಆ ಬುದ್ಧಿವಂತ ಎಲ್ಲಿಯೂ ಇರಲಿಲ್ಲ. ನಿಜ ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ, ಬಂದರೂ ತನ್ನ ಬಳಿಗೆ ಬಂದಂತಲ್ಲ.

ಕೊನೆಯ ದಿನ ತಾಯಿತಂದೆಯರು ಬಂದರು. ಕರೆಮ್ಮನ ತಾಯಿ ದೇವಕಮ್ಮ ಕೂಲಿ ಬಿಟ್ಟು ವನದುರ್ಗದಿಂದ ಬಂದಿದ್ದಳು. ಮಗಳನ್ನು ಶಹಾಪುರದ ಹೈಸ್ಕೂಲಿಗೆ ಕಳಿಸಬೇಕೋ, ತನ್ನ ಜೊತೆ ಹತ್ತಿ ಬಿಡಿಸಲು ಕರೆದೊಯ್ಯಬೇಕೋ ಎಂದು ಅವಳು ಇನ್ನೂ ನಿರ್ಧರಿಸಿರಲಿಲ್ಲ. “ಇಕಿ ತಲಿಗೆ ಏನೂ ಹತ್ತೂದಿಲ್ರಿ” ಎಂದು ಬಂದವಳೇ ಹೇಳಿಬಿಟ್ಟಿದ್ದಳು.

“ಯವ್ವಾ, ಸರ್ ಮಾಡಿದ ತಪ್ಪು ನಾ ಹಿಡದೀನಿ,” ಎಂದಳು ಕರೆಮ್ಮ. ಬಾಯಿಗೆ ಕೈ ಇರಲಿಲ್ಲ.

ಅಷ್ಟರಲ್ಲಿ ಮೋನಮ್ಮ ಮಾತನಾಡಲು ಎದ್ದು ನಿಂತಳು. ಮೆಚ್ಚುಗೆ ತುಂಬಿ ಬಂದು ಮುಖ ಹೊಳೆಯುತ್ತಿತ್ತು. “ನಮ್ಮ ಹುಡಿಗ್ಯಾರು ಬಾಯಿ ಬಿಟ್ಟು ಮಾತಾಡಾಕ ಕಲ್ತಿದ್ದು ಈಶಪ್ಪ ಸರ್ ಅವರಿಂದ. ಅವರು ದಿನಾ ಬೇಕಂತನ ತಪ್ಪು ಮಾಡತಿದ್ರು. ಹುಡಿಗ್ಯಾರು ಹಿಡೀಲಿ ಅಂತ.”

ದೇವಕಮ್ಮ ಮಗಳ ಕಡೆ ತಿರುಗಿ ನಕ್ಕಳು. “ನೋಡಿದೇನು? ಸರ್ ನಿನಗ ಆಟಾ ಆಡಿಸ್ಯಾರ. ನೀ ಖರೇ ಅಂತ ತಿಳಕೊಂಡಿ.”

ಕರೆಮ್ಮನ ಅಂಗೈ ಮೆಲ್ಲಗೆ ಮೇಲೆ ಬಂದು ಬಾಯಿ ಮುಚ್ಚಿತು.

ಈಶಪ್ಪ ಅದನ್ನು ನೋಡಿದ. ಮೋನಮ್ಮನ ಹೊಳೆಯುವ ಮುಖವನ್ನೂ ನೋಡಿದ. ಅದು ತನಗಾಗಿ ಹೀಗೆ ಹೊಳೆಯುವುದು ಇದೇ ಕಡೆಯ ಸಲ ಎಂದುಕೊಂಡು ಎದ್ದು ನಿಂತ.

“ಸುಳ್ಳ್ರಿ,” ಎಂದ. “ಟೀಚರ್ದು ತಪ್ಪಿಲ್ಲ, ಸುಳ್ಳು ನಂದು. ನಾ ಗಣಿತದ ಮಾಸ್ತರ ಅಲ್ಲ. ಪಿ.ಟಿ. ಮಾಸ್ತರ. ಮಲ್ಕಪ್ಪ ಸರ್ ಬರೂದಿಲ್ಲ ಅಂತ ಹೇಳಾಕ ಬಂದಾವ, ಹೇಳದನ ನಿಂತುಬಿಟ್ಟೆ. ಒಂದು ತಪ್ಪೂ ನಾ ಬೇಕಂತ ಮಾಡಿಲ್ಲ. ಖರೇನ ನನಗ ಬರ್ತಿರ್ಲಿಲ್ಲ. ಭಿನ್ನರಾಶಿ ನನಗ ಕಲಿಸಿದಾಕಿ ಈ ಕರೆಮ್ಮ.”

ಹಾಲ್‌ನಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ಮೋನಮ್ಮ ಅವನನ್ನೇ ನೋಡಿದಳು, ಆಮೇಲೆ ನೆಲ ನೋಡಿದಳು.

ದೇವಕಮ್ಮ ಕೇಳಿದಳು: “ಖರೇನ ಇಕಿ ನಿಮಗ ಕಲಿಸಿದ್ಲೇನ್ರಿ? ಮಾಸ್ತರಗ?”

“ಹೌದ್ರಿ.”

ಯಾರೂ ಕರೆಯದೆಯೇ ಕರೆಮ್ಮ ಬೋರ್ಡಿಗೆ ಹೋದಳು. ಅರ್ಧ ಬರೆದಳು, ಮೂರನೇ ಒಂದು ಬರೆದಳು, ರೊಟ್ಟಿ ಬರೆದು ಪಾಲು ಮಾಡಿದಳು. ಪ್ರತಿ ಗೆರೆಯನ್ನೂ ತಾಯಿಗೆ ಬಿಡಿಸಿ ಹೇಳಿದಳು, ಹಿಂದಿನ ಗೋಡೆಗೆ ಕೇಳುವಷ್ಟು ಜೋರಾಗಿ. ಅಕ್ಷರ ಬಾರದ ದೇವಕಮ್ಮನಿಗೆ ರೊಟ್ಟಿ ತಿಳಿಯಿತು. ಎದ್ದು ಹೋಗಿ ಮಗಳ ಮುಖಕ್ಕೆ ಕೈ ನಿವಾಳಿಸಿ, ತನ್ನ ಕಣತಲೆಗೆ ಬೆರಳೊತ್ತಿ ಲಟಿಕೆ ಮುರಿದು ದೃಷ್ಟಿ ತೆಗೆದಳು. “ಶಹಾಪುರಕ್ಕ ಕಳಸ್ತೀನ್ರಿ,” ಎಂದಳು.

ಎಲ್ಲರೂ ಹೋದರು. ಮೋನಮ್ಮ ಬೆನ್ನು ತಿರುಗಿಸಿ ಜಮಖಾನ ಸುತ್ತುತ್ತಿದ್ದಳು. ಈಶಪ್ಪ ಸೀಮೆಸುಣ್ಣದ ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಬಾಗಿಲ ಕಡೆ ನಡೆದ.

“ಎಲ್ಲಿಗೆ ಹೊಂಟ್ರಿ?”

“ಮನಿಗ್ರಿ.”

“ಕಾಯ್ದೆ ಮರತ್ರೇನು? ತಪ್ಪು ಮಾಡಿದವರು ಓಡಿಹೋಗಂಗಿಲ್ಲ.” ತಿರುಗಿದಳು. ಕಣ್ಣು ತುಂಬಿದ್ದವು, ಸಿಟ್ಟೂ ತುಂಬಿತ್ತು. “ಇಷ್ಟ್ ದಿನದಾಗ ಒಂದು ಮಾತು ಹೇಳಾಕ ಆಗಲಿಲ್ಲೇನು ನಿಮಗ? ಎಲ್ಲಾರ ಮುಂದ ನಾ ಹುಚ್ಚಿ ಆದೆ.”

“ಹೇಳಿದ್ರ ನೀವು ಮಾತು ಬಿಡ್ತೀರಿ ಅಂತ ಅಂಜಿದೆ, ಟೀಚರ್.”

ಅವಳು ಸುತ್ತಿದ ಜಮಖಾನವನ್ನು ಗೋಡೆಗೆ ಒರಗಿಸಿದಳು. “ನನ್ನ ಲೆಕ್ಕಾನೂ ತಪ್ಪೈತಿ,” ಎಂದಳು ಆಮೇಲೆ. “ನಿಮ್ಮ ಶ್ಯಾಣ್ಯಾತನ ನೋಡಿ ಮನಸು ಕೊಟ್ಟೆ ಅಂತ ತಿಳಕೊಂಡಿದ್ದೆ. ಇವತ್ತ ಆ ಹುಡಿಗಿ ಸಲುವಾಗಿ ಎದ್ದು ನಿಂತ್ರಲ್ಲ, ಆಗ ತಿಳೀತು. ಅದಕ್ಕಲ್ಲ ನಾ ಮನಸು ಕೊಟ್ಟಿದ್ದು.”

ಮನಸು ಕೊಟ್ಟೆ ಎಂದಳೇ? ಈಶಪ್ಪನ ಮುಖದ ತುಂಬ ನಗು ಹರಡಿತು.

“ನಗಬ್ಯಾಡ್ರಿ. ಸಿಟ್ಟು ಇನ್ನೂ ಐತಿ. ಹೊರಗ ಹೋಗ್ರಿ. ಲೂನಾ ನಿಂತಲ್ಲಿಂದ ಮತ್ತ ಬರ್ರಿ. ಮೊದಲಿಂದ.”

ಅವನು ಹೊರಗೆ ಹೋದ. ಬೇವಿನ ನೆರಳಲ್ಲಿ ಪಾತ್ರೆ ತಿಕ್ಕುತ್ತಿದ್ದ ಮುನ್ನಿಬೀ ತಲೆ ಎತ್ತಿ ನೋಡಿ, ತಿಕ್ಕುವುದನ್ನು ನಿಲ್ಲಿಸಿದಳು. ಈಶಪ್ಪ ಲೂನಾವನ್ನು ಮುಟ್ಟಿ ತಿರುಗಿ ಬಂದ. ಬಾಗಿಲಲ್ಲಿ ಮೋನಮ್ಮ ನಿಂತಿದ್ದಳು. ಕಣ್ಣೊರೆಸಿಕೊಂಡು, ಪೆನ್ಸಿಲ್ಲನ್ನು ಕಿವಿಯ ಮೇಲೆ ಸರಿಯಾಗಿ ಸಿಕ್ಕಿಸಿಕೊಂಡಿದ್ದಳು.

“ಬಂದ್ರಾ? ಗಣಿತದ ಮಾಸ್ತರ ನೀವೇ ಅಲ್ಲೇನ್ರಿ?”

“ಅಲ್ರಿ. ನಾ ಪಿ.ಟಿ. ಮಾಸ್ತರ, ಈಶಪ್ಪ. ಮಲ್ಕಪ್ಪ ಸರ್ ಬರೂದಿಲ್ಲ ಅಂತ ಹೇಳಾಕ ಬಂದೀನಿ.”

“ಹೇಳಿದ್ರಲ್ಲ. ಇನ್ನ ಹೋಗ್ರಿ.”

“ಹೋಗಾಕ ಮನಸಿಲ್ರಿ.”

“ಯಾಕ?”

“ನಿಮ್ಮನ್ನ ನೋಡಿದೆ. ನೋಡಿದ ಕೂಡ್ಲೇ ನನ್ನ ಜೀವಾ ನಿಮ್ಮ ಕಡೀ ಹೋಗಿಬಿಡ್ತು. ಅದೊಂದು ಮಾತ್ರ ಅವತ್ತೂ ಖರೇ, ಇವತ್ತೂ ಖರೇ.”

ಮೋನಮ್ಮ ತುಟಿ ಕಚ್ಚಿ ನಗು ತಡೆದಳು. ತಡೆಯಲು ಆಗಲಿಲ್ಲ. “ಸುರಪುರಕ್ಕ ಬಂದು ನಮ್ಮ ಅಪ್ಪನ ಮುಂದ ಹಿಂಗೇ ಹೇಳ್ತೀರೇನು? ಸೀಟಿ ಊದೂ ಮಾಸ್ತರ ಅಂತನ ಹೇಳ್ತೀರೇನು?”

“ಹೌದ್ರಿ!”

“ನಿಂದರ್ರಿ. ಯೋಚನಿ ಮಾಡಿ ಹೇಳಾಕತ್ತೀರೋ, ಹಂಗ ಬಾಯಿಗೆ ಬಂತೋ?”

ಈಶಪ್ಪ ನಿಂತ. ಸುರಪುರದ ಆ ಮನೆಯನ್ನು, ಕುರ್ಚಿಯಲ್ಲಿ ಕುಳಿತ ಅವಳ ಅಪ್ಪನನ್ನು, ತನ್ನ ಕೊರಳಿನ ಸೀಟಿಯನ್ನು, ಅದರಾಚೆಯ ಬೇಸಿಗೆಗಳನ್ನು ಒಂದೊಂದಾಗಿ ನೆನೆದ. ಅವಳು ಕಾದಳು. ಗಣಿತದವಳಲ್ಲವೇ, ಅವಸರ ಮಾಡಲಿಲ್ಲ.

“ಹೌದ್ರಿ,” ಎಂದ.