ನೆನೆದರೆ ಸುಮ್ಮನಾಗುವ ಕಪ್ಪೆ

ವೈರ್‌ಲೆಸ್ ಸಂದೇಶ ಬಂದಾಗ ಬೆಳಗಿನ ಐದೂವರೆ. ಪರ್ವತದ ಮೇಲಿನ ಶಿಬಿರದಲ್ಲಿ ಬಂಡೆಗಳ ಸರ್ವೆ ಮಾಡುತ್ತಿದ್ದ ಪುಟ್ಟಿ ಜಾರಿ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡಿದ್ದಳು. ಪಾದ ತಣ್ಣಗಾಗುತ್ತಿತ್ತು. ಗಾಳಿಯ ರಭಸಕ್ಕೆ ಹೆಲಿಕಾಪ್ಟರ್ ಏರುವಂತಿರಲಿಲ್ಲ. ಸಂಜೆಯೊಳಗೆ ಕೆಳಗೆ ಊರ ಆಸ್ಪತ್ರೆಗೆ ತರದಿದ್ದರೆ ಕಾಲು ಉಳಿಯುವುದು ಕಷ್ಟ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು.

ಪುಟ್ಟಿ ಎಂದರೆ ಪುಟ್ಟ ಹುಡುಗಿಯಲ್ಲ, ಮೂವತ್ತೆರಡು ವರ್ಷದ ಭೂವಿಜ್ಞಾನಿ. ಇಬ್ಬರು ಅಣ್ಣಂದಿರ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿ. ದೊಡ್ಡಣ್ಣ ಮೆಕ್ಯಾನಿಕ್, ಚಿಕ್ಕಣ್ಣ ಬಡಗಿ. ಇಬ್ಬರ ಕೆಲಸವೂ ಒಂದೇ ತಗಡಿನ ಛಾವಣಿಯ ಕೆಳಗೆ. ಎಡಗಡೆ ಗ್ರೀಸು, ಬಲಗಡೆ ಮರದ ಹೊಟ್ಟು, ನಡುವೆ ದಿನವಿಡೀ ಜಗಳ.

ಆ ಎತ್ತರಕ್ಕೆ ಹತ್ತಬಲ್ಲ ಗಾಡಿ ಊರಿಗೆಲ್ಲ ಅವರದೊಂದೇ. ಹಳೆಯ ಜೀಪಿಗೆ ದೊಡ್ಡಣ್ಣ ಸಣ್ಣ ಲಾರಿಯ ಪೆಟ್ರೋಲ್ ಎಂಜಿನ್ ಕೂರಿಸಿ, ದೊಡ್ಡ ಚಕ್ರ ಹಾಕಿ, ಗಾಳಿ ಎಳೆಯುವ ಕೊಳವೆಯನ್ನು ಛಾವಣಿಯವರೆಗೆ ಏರಿಸಿದ್ದ. ನೀರಲ್ಲೂ ನೆಲದಲ್ಲೂ ಓಡುವುದರಿಂದ ಅದಕ್ಕೆ ಕಪ್ಪೆ ಎಂದು ಹೆಸರು. ಓಡಿಸುವುದರಲ್ಲಿ ಅವನ ಹೆಂಡತಿಯನ್ನು ಮೀರಿಸಿದವರಿಲ್ಲ. ಚಿಕ್ಕಣ್ಣನಿಗೂ ಪುಟ್ಟಿಗೂ ಆಕೆ ಅತ್ತಿಗೆ, ಹಾಗಾಗಿ ನಾವೂ ಅತ್ತಿಗೆ ಎನ್ನೋಣ.

ಕಪ್ಪೆಗೆ ಒಂದೇ ಕಾಯಿಲೆ. ಐಡ್ಲಿಂಗ್ ಒಂದು ಮಟ್ಟದಲ್ಲಿ ನಿಲ್ಲುತ್ತಿರಲಿಲ್ಲ. ಆಕ್ಸಲರೇಟರ್ ಮೇಲಿಂದ ಕಾಲು ತೆಗೆದರೆ ಎಂಜಿನ್ ಒಂದೇ ಸಮನೆ ಓಡುವ ಬದಲು ಏರಿ, ಇಳಿದು, ಮತ್ತೆ ಏರಿ, ಕೊನೆಗೆ ಕೆಮ್ಮಿ ಆರಿಹೋಗುತ್ತಿತ್ತು.

"ರೀ, ಇದನ್ನ ಇವತ್ತು ನೋಡ್ತೀನಿ ನಾಳೆ ನೋಡ್ತೀನಿ ಅಂತ ಒಂದು ವಾರ ಆಯ್ತು," ಎಂದಳು ಅತ್ತಿಗೆ.

"ದಾರೀಲಿ ನೋಡೋಣ, ಹತ್ತು."

ಚಿಕ್ಕಣ್ಣ ಪುಟ್ಟಿಯನ್ನು ಮಲಗಿಸಿ ತರಲು ಒಂದು ಹಲಗೆ, ಹಗ್ಗ, ಕಂಬಳಿ ಹಿಂದೆ ಎಸೆದು ತಾನೂ ಹಾರಿ ಕುಳಿತ.

ಮೊದಲ ಗಂಡಾಂತರ ದೊಡ್ಡ ತೊರೆ. ಬೆಳಿಗ್ಗೆ ಅದು ಮೊಣಕಾಲುದ್ದ. ಬಿಸಿಲೇರಿ ಶಿಖರದ ಹಿಮ ಕರಗಿತೆಂದರೆ ಮಧ್ಯಾಹ್ನ ಮೂರರ ಹೊತ್ತಿಗೆ ಎದೆಮಟ್ಟ. ಮೂರರೊಳಗೆ ವಾಪಸು ದಾಟಲೇಬೇಕು, ಇಲ್ಲದಿದ್ದರೆ ಮರುದಿನ ಬೆಳಗಿನವರೆಗೆ ಆ ದಡದಲ್ಲೇ. ಅಷ್ಟು ಹೊತ್ತು ಪುಟ್ಟಿಯ ಕಾಲಿಗೆ ಇರಲಿಲ್ಲ.

ತೊರೆ ದಾಟಿದ ಮೇಲೆ ದಾರಿ ಸೂಜಿಯೆಲೆಯ ಮರಗಳ ನಡುವೆ ಸುತ್ತುತ್ತ ಏರುತ್ತದೆ. ಕೆಳಗೆ ಉದುರಿದ ಎಲೆಯ ಮೆತ್ತನೆ ಹಾಸು, ಮೇಲೆ ಮರಗಳ ಸಂದಿಯಲ್ಲಿ ಚೂರು ಚೂರು ಆಕಾಶ. ಮರಗಳು ಮುಗಿದರೆ ಬೂದು ಬಣ್ಣದ ಸಡಿಲ ಕಲ್ಲುಗಳ ಇಳಿಜಾರು, ಅದರ ಮೇಲೆ ಹುಲ್ಲೂ ಇಲ್ಲದ ಬೋಳು ಬೆಟ್ಟ, ಅದರಾಚೆ ಕಣ್ಣು ಕುಕ್ಕುವ ಹಿಮ. ಗಾಳಿ ಎಷ್ಟು ಒಣ ಎಂದರೆ ಮಾತಾಡಿದರೆ ತುಟಿ ಬಿರಿಯುತ್ತದೆ.

ಅರ್ಧ ಗಂಟೆ ಕಪ್ಪೆ ಸದ್ದಿಲ್ಲದೆ ಏರಿತು. ಆಮೇಲೆ ಹಳೆ ಚಾಳಿ ಶುರು. ಒಂದು ತಿರುವಿನಲ್ಲಿ ಎಂಜಿನ್ ಆರಿ, ಗಾಡಿ ಹಿಂದಕ್ಕೆ ಜಾರಿತು. ಚಿಕ್ಕಣ್ಣ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ.

ದೊಡ್ಡಣ್ಣ ಫಿಲ್ಟರ್ ಕೊಡವಿದ. ಪ್ಲಗ್ ಬಿಚ್ಚಿ ಉಜ್ಜಿದ. ಸುಖವಿಲ್ಲ. ಮುಂದೆ ಸಿಕ್ಕ ಎರಡನೇ, ಸಣ್ಣ ತೊರೆ ದಾಟಿದ ಮೇಲೆ ಎಂಜಿನ್ ತಾನಾಗಿಯೇ ಸರಿಹೋಯಿತು. "ನೋಡಿದ್ಯಾ? ಪ್ಲಗ್ಗೇ ತೊಂದರೆ," ಎಂದು ಬೀಗಿದ. ಚಿಕ್ಕಣ್ಣ ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಅರ್ಧ ಗಂಟೆಯಲ್ಲಿ ಪ್ಲಗ್ಗಿನ ಬಡಾಯಿಯೂ ಇಳಿಯಿತು. ಕಾರ್ಬ್ಯುರೇಟರ್ ಬಿಚ್ಚಿ ಊದಿ ಜೋಡಿಸಲು ಮುಕ್ಕಾಲು ಗಂಟೆ ಹೋಯಿತು.

ಶಿಬಿರ ತಲುಪಿದಾಗ ಹನ್ನೊಂದೂಮುಕ್ಕಾಲು. ಪುಟ್ಟಿಯ ತುಟಿ ಬಿಳಿಚಿತ್ತು. ಹಲಗೆಗೆ ಕಟ್ಟಿ ಗಾಡಿಗೆ ಏರಿಸಿದರು. ಒಂದೊಂದು ಕುಲುಕಾಟಕ್ಕೂ ಹಲ್ಲು ಕಚ್ಚಿದಳೇ ಹೊರತು ಕೂಗಲಿಲ್ಲ.

ಇಳಿದು ದೊಡ್ಡ ತೊರೆಯ ದಡಕ್ಕೆ ಬಂದಾಗ ಎರಡೂಕಾಲು. ನೀರು ಆಗಲೇ ಸೊಂಟದ ಮಟ್ಟ, ಬೂದಿ ಬಣ್ಣ, ಕಿವಿಗಡಚಿಕ್ಕುವ ಸದ್ದು. ಅತ್ತಿಗೆ ಆಕ್ಸಲರೇಟರ್ ಮೇಲಿಂದ ಕಾಲು ತೆಗೆದಳು. ಎಂಜಿನ್ ವೇಗ ತೋರಿಸುವ ಮುಳ್ಳು ಸಾವಿರದ ಇನ್ನೂರಕ್ಕೆ ಹಾರಿತು, ನಾನೂರಕ್ಕೆ ಬಿತ್ತು. ಎಂಜಿನ್ ಆರಿತು.

"ಇದನ್ನ ನಂಬ್ಕೊಂಡು ನಾನು ನೀರಿಗಿಳಿಯಲ್ಲ. ನಡುವೆ ಆ ಬಂಡೆ ಸುತ್ತುವಾಗ ಕಾಲು ತೆಗೀಲೇಬೇಕು. ಅಲ್ಲಿ ಆರಿದರೆ ನಾಲ್ಕೂ ಜನ ನೀರುಪಾಲು."

"ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸ್ತೀನಿ."

"ಏರಿಸಿದ್ರೆ ಗಾಡಿ ಬಂಡೆಗೆ ಗುದ್ದುತ್ತೆ ಅಷ್ಟೆ. ಅಲ್ಲಾರೀ, ಬೆಳಿಗ್ಗೆಯಿಂದ ನೋಡ್ತಿದೀನಿ. ಬೇರೆ ಕಪ್ಪೆಗಳು ನೆನೆದರೆ ವಟಗುಟ್ಟುತ್ವೆ, ನಮ್ಮದು ನೆನೆದರೆ ಕೆಮ್ಮು ಬಿಟ್ಟು ಸುಮ್ಮನಾಗುತ್ತೆ. ಯಾಕೆ?"

ಚಿಕ್ಕಣ್ಣನ ಮುಖ ಸಪ್ಪಗಾಯಿತು.

"ಬಿರಡೆ, ಅಣ್ಣ."

ಹೊಸ ಎಂಜಿನ್ ಗಾಳಿ ಎಳೆಯುವ ಜಾಗದಲ್ಲಿ ಕಿರುಬೆರಳ ಗಾತ್ರದ ಒಂದು ಮೂತಿ ಇತ್ತು. ಜೀಪಿಗೆ ಅದು ಬೇಡ, ಮುಚ್ಚಬೇಕಿತ್ತು. ರಬ್ಬರ್ ಮುಚ್ಚಳ ಎರಡು ಬೀದಿ ಆಚೆಯ ಅಂಗಡಿಯಲ್ಲಿ ಸಿಗುತ್ತಿತ್ತು. ಅಷ್ಟು ದೂರ ಯಾರು ಹೋಗುತ್ತಾರೆಂದು ದೊಡ್ಡಣ್ಣ ಕೂತಲ್ಲಿಂದಲೇ, "ಲೋ, ಒಂದು ಬಿರಡೆ ಕೆತ್ತಿ ಕೊಡೋ," ಎಂದು ಕೂಗಿದ್ದ. ಚಿಕ್ಕಣ್ಣನೂ ಎದ್ದು ಹುಡುಕದೆ ಕೈಗೆ ಸಿಕ್ಕ ತುಂಡನ್ನೇ ಕೆತ್ತಿದ್ದ.

"ಹಸಿ ಮರದ್ದು ಕೊಟ್ಟುಬಿಟ್ಟೆ. ಎಂಜಿನ್ ಕಾವಿಗೆ ಒಣಗಿ ಸಣ್ಣಗಾಗಿದೆ. ಸಂದೀಲಿ ಗಾಳಿ ನುಗ್ತಿದೆ. ನೀರು ಸಿಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತೆ, ಒಣಗಿದರೆ ಮತ್ತೆ ಅದೇ ರಾಗ."

"ಯಾವಾಗ ಹೊಳೀತು ಇದು?"

"ಎರಡನೇ ತೊರೆ ದಾಟಿದಾಗ."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?"

"ಬಡಗಿಗೆ ಹಸಿ ಮರ ಯಾವುದು, ಒಣ ಮರ ಯಾವುದು ಗೊತ್ತಿಲ್ಲ ಅಂತ ಊರೆಲ್ಲ ಸಾರ್ತೀಯ ಅಂತ..."

ದೊಡ್ಡಣ್ಣನ ಮುಖ ಕೆಂಪಾಯಿತು. ಅಷ್ಟರಲ್ಲಿ ಹಿಂದಿನಿಂದ ಪುಟ್ಟಿ ಕೂಗಿದಳು. "ಜಗಳ ಮನೇಲಿ ಆಡ್ರೋ! ನನ್ನ ಪಾದ ಇದೆಯೋ ಇಲ್ವೋ ನನಗೇ ಗೊತ್ತಾಗ್ತಿಲ್ಲ."

ಇಬ್ಬರೂ ತಣ್ಣಗಾದರು. "ಊರೆಲ್ಲ ಸಾರಿದ್ರೆ, ಎಂಜಿನ್‌ಗೆ ಮರದ ಬಿರಡೆ ಜಡಿದ ಮೆಕ್ಯಾನಿಕ್ ಯಾರು ಅಂತಾನೂ ಹೇಳಬೇಕಾಗುತ್ತೆ," ಎಂದು ಗೊಣಗುತ್ತ ದೊಡ್ಡಣ್ಣ ಬಾನೆಟ್ ಎತ್ತಿದ.

ಅತ್ತಿಗೆ ಎಂಜಿನ್ ಚಾಲೂ ಮಾಡಿದಳು. ಅದು ಓಡುತ್ತಿರುವಾಗಲೇ ಅವನು ಬಿರಡೆಯ ಸುತ್ತ ನೀರು ಸುರಿದ. ಸುಯ್ ಎನ್ನುತ್ತಿದ್ದ ಸದ್ದು ನಿಂತಿತು. ಮುಳ್ಳೂ ಎಂಟುನೂರರಲ್ಲಿ ನಿಂತಿತು.

"ಹೀಗೇ ನೀರು ಹಾಕ್ಕೊಂಡು ದಾಟಬಹುದಲ್ಲ?" ಅತ್ತಿಗೆ ಕೇಳಿದಳು.

ದೊಡ್ಡಣ್ಣ ಎಂಜಿನ್ ಆರಿಸಿ ಎರಡು ಬೆರಳಲ್ಲಿ ಬಿರಡೆಯನ್ನು ಎಳೆದ. ಅದು ಸಲೀಸಾಗಿ ಕೈಗೆ ಬಂತು. "ನಡುನೀರಲ್ಲಿ ಹೀಗೆ ಕಳಚಿಕೊಂಡರೆ?" ಎಂದ.

ಮುಂದಿನ ಗಾಜು ತೊಳೆಯುವ ನೀರಿನ ರಬ್ಬರ್ ನಳಿಗೆಯಿಂದ ಬೆರಳುದ್ದ ಕತ್ತರಿಸಿದ. ಒಂದು ತುದಿಗೆ ಬೋಲ್ಟ್ ತಿರುಗಿಸಿದ. ಇನ್ನೊಂದು ತುದಿಯನ್ನು ಮೂತಿಗೆ ಸಿಕ್ಕಿಸಿದ. ಚಿಕ್ಕಣ್ಣ ತಂತಿ ಸುತ್ತಿ ಬಿಗಿದ. ಸ್ಕ್ರೂ ಸರಿಮಾಡಿದರು. ಎರಡೂಮುಕ್ಕಾಲು.

"ಇಳಿಸು," ಎಂದ ದೊಡ್ಡಣ್ಣ.

ಕಪ್ಪೆ ನೀರಿಗಿಳಿಯಿತು.

ನೀರು ಬಾಗಿಲಿಗೆ ಬಡಿಯಿತು. ಪಾದದ ಬಳಿ ನುಗ್ಗಿತು. ಅಣ್ಣಂದಿರಿಬ್ಬರೂ ಹಲಗೆಯನ್ನು ಎರಡು ಕಡೆ ಹಿಡಿದು ಎತ್ತಿದರು.

ಬಂಡೆ ಬಂತು. ಅದೇ ಹೊತ್ತಿಗೆ ಮೇಲಿನಿಂದ ಒಂದು ಮರದ ದಿಮ್ಮಿ ತೇಲುತ್ತ ನೇರ ಎದುರಿಗೆ.

"ನಿಲ್ಲಿಸಿ ಅತ್ತಿಗೆ!" ಎಂದು ಚಿಕ್ಕಣ್ಣ ಕೂಗಿದ.

ಅತ್ತಿಗೆ ಕ್ಲಚ್ ಒತ್ತಿ ಆಕ್ಸಲರೇಟರ್‌ನಿಂದ ಕಾಲು ತೆಗೆದಳು.

ನೀರಿನ ಆರ್ಭಟದ ಕೆಳಗೆ ಎಂಜಿನ್ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಏರಲಿಲ್ಲ, ಇಳಿಯಲಿಲ್ಲ. ದಿಮ್ಮಿ ಬಂಪರಿಗೆ ಸವರಿ, ತಿರುಗಿ, ಕೆಳಗೆ ಹೋಯಿತು.

ಅತ್ತಿಗೆ ಗೇರ್ ಹಾಕಿದಳು. ಚಕ್ರ ಕಲ್ಲು ಕಚ್ಚಿತು. ಕಪ್ಪೆ ಆಚೆ ದಡ ಹತ್ತಿತು. ಅತ್ತಿಗೆ ಆಸ್ಪತ್ರೆಯವರೆಗೂ ನಿಲ್ಲಿಸದೆ ಓಡಿಸಿದಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಮೂವರೂ ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕುಳಿತರು. ನೆಲ ಒರೆಸುವಾಕೆ ಅವರ ಕಾಲಡಿಯ ಕೆಸರನ್ನು ಎರಡು ಸಲ ಒರೆಸಿ, ಮೂರನೇ ಸಲ ಕೈಬಿಟ್ಟಳು. ಎರಡೂವರೆ ಗಂಟೆಯ ಮೇಲೆ ಡಾಕ್ಟರು ಒಳಗೆ ಕರೆದರು.

ಪಟ್ಟಿಯ ತುದಿಯಲ್ಲಿ ಪುಟ್ಟಿಯ ಐದು ಬೆರಳು ಇಣುಕುತ್ತಿದ್ದವು.

"ಹೆಬ್ಬೆರಳು ಆಡಿಸಮ್ಮ," ಎಂದರು ಡಾಕ್ಟರು.

ಪುಟ್ಟಿ ಹುಬ್ಬು ಗಂಟಿಕ್ಕಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಯತ್ನಿಸಿದಳು. ಹೆಬ್ಬೆರಳು ಮೆಲ್ಲಗೆ ಎದ್ದು ಇಳಿಯಿತು.

ದೊಡ್ಡಣ್ಣನಿಗೆ ಅಳು ತಡೆಯಲಾಗಲಿಲ್ಲ. "ಇನ್ನೊಂದ್ ಸಲ," ಎಂದ. ಆಡಿಸಿದಳು.

"ಇನ್ನೊಂದೇ ಒಂದ್ ಸಲ ಪುಟ್ಟಿ," ಎಂದ ಚಿಕ್ಕಣ್ಣ.

"ಹೋಗ್ರೋ, ನಾನೇನು ನಿಮ್ಮ ಗಾಡಿನಾ?" ಎಂದು ಗದರಿ, ಪುಟ್ಟಿ ಮತ್ತೆ ಆಡಿಸಿದಳು.