ಪ್ರತಿ ಶನಿವಾರ ಸಡಿಲಾಗುವ ಬಂಪರ್

"ಮೇಡಂ, ನಿಲ್ಸಿ! ಗಾಡಿ ಸೈಡಿಗೆ ಹಾಕಿ!"

ಬನ್ನೇರುಘಟ್ಟ ರಸ್ತೆಯ ಗದ್ದಲದಲ್ಲಿ ಯಾರೋ ಕಾರಿನ ಕಿಟಕಿ ಬಡಿದಾಗ ಶರ್ವಾಣಿ ಬೆಚ್ಚಿಬಿದ್ದಳು. ಬೈಕಿನ ಮೇಲೆ ಒಬ್ಬ ಗಡ್ಡದವನು. 'ಇವನಿಗೇನು ಬಂತು' ಎಂದು ಗೊಣಗುತ್ತಲೇ ಕಾರು ನಿಲ್ಲಿಸಿ ಗಾಜು ಇಳಿಸಿದಳು.

"ಏನ್ರೀ, ರೋಡಲ್ಲಿ ಹೆಣ್ಮಕ್ಕಳ ಗಾಡಿ ತಡೆಯೋದೇ ಕೆಲ್ಸಾನಾ?"

"ಆಮೇಲೆ ಬೈಯಿರಂತೆ ಮೇಡಂ... ಮೊದ್ಲು ಇಳಿದು ಮುಂದೆ ನೋಡಿ."

ಇಳಿದು ನೋಡಿದಳು. ಮುಂದಿನ ಬಂಪರ್ ಒಂದು ಕಡೆ ಕಳಚಿಕೊಂಡು ನೆಲ ಉಜ್ಜುತ್ತಿತ್ತು! ಹಿಂದಿನ ದಿನ ಆಯುಧಪೂಜೆಗೆ ಅಪ್ಪ ಹಠ ಹಿಡಿದು ಕಟ್ಟಿಸಿದ್ದ ಬಾಳೆಕಂದೂ ಅದರ ಜೊತೆಗೇ ಜೋತಾಡುತ್ತಿತ್ತು. ಇಪ್ಪತ್ತೆರಡು ವರ್ಷದ ಕಾರು, ಪಾಪ, ಎಷ್ಟೆಂದು ತಡೆದೀತು?

ಅವನು ಮಾತಿಲ್ಲದೆ ಕುಕ್ಕರಗಾಲಲ್ಲಿ ಕೂತು ಕಂದು ಬಿಚ್ಚಿದ. ಬ್ಯಾಗಿನಿಂದ ತಂತಿ ತೆಗೆದು ಬಂಪರನ್ನು ಎತ್ತಿ ಕಟ್ಟಿದ. ಬಾಡಿದ ಬಾಳೆಕಂದನ್ನು ರಸ್ತೆಗೆ ಎಸೆಯದೆ ಹಿಂದಿನ ಸೀಟಿನಲ್ಲಿ ಜೋಪಾನವಾಗಿ ಮಲಗಿಸಿದ.

"ಪೂಜೆದು ಮೇಡಂ. ಯಾರೂ ತುಳೀಬಾರ್ದು."

ಬೈದಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ಬಂಪರ್ ಹಿಡ್ಕೊಳ್ಳೋ ಒಳಗಿನ ಕ್ಲಿಪ್‌ಗಳು ಹೋಗಿವೆ. ಬಿಳೇಕಹಳ್ಳೀಲಿ ನನ್ನ ಶೆಡ್ ಇದೆ, ಶನಿವಾರ ತನ್ನಿ. ರೇವಂತ್ ಅಂತ ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ."

ಜಯನಗರದ ಮನೆಯಲ್ಲಿ ಅಪ್ಪನಿಗೆ ಊಟ ಬಡಿಸುತ್ತಾ ಶರ್ವಾಣಿ ಇದನ್ನೆಲ್ಲ ಹೇಳಿದಳು. ನಡುಗುವ ಕೈಯಲ್ಲಿ ತುತ್ತು ಹಿಡಿದಿದ್ದ ಚಕ್ರಪಾಣಿ, ಬಾಳೆಕಂದಿನ ವಿಷಯ ಬಂದಾಗ ತಲೆ ಎತ್ತಿ ಮಗಳ ಮುಖ ನೋಡಿದರು.

ಶನಿವಾರ ರೇವಂತ್ ಕಾರಿನಡಿ ಮಲಗಿ ಎಂಟು ಹೊಸ ಕ್ಲಿಪ್ ಹಾಕಿದ. ಮುಂದಿನ ಶನಿವಾರ ಬೆಳಗ್ಗೆ ನೋಡಿದರೆ ಬಂಪರ್ ಮತ್ತೆ ಸಡಿಲ! ಅದರ ಮುಂದಿನ ವಾರವೂ ಅದೇ ಕಥೆ.

ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವನು ಕೆಲಸ ಮಾಡುತ್ತಾ ತಾತ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಕಥೆ ಹೇಳುತ್ತಿದ್ದ. ಅವಳು ತಾನು ಪಾಠ ಮಾಡುವ ಕಾಲೇಜಿನ ಕಥೆ ಹೇಳುತ್ತಿದ್ದಳು. ಮನೆಗೆ ಬರುವಾಗ ಅವಳಿಗೇ ತಿಳಿಯದೆ ಹಾಡು ಗುನುಗುತ್ತಿದ್ದಳು.

ಆಮೇಲೆ ಭಯವಾಗುತ್ತಿತ್ತು. 'ಬೇಡ... ಇನ್ನೊಮ್ಮೆ ಆ ನೋವು ಬೇಡ.'

ಹತ್ತು ವರ್ಷದ ಹಿಂದೆ ಅವಳು ಮೆಚ್ಚಿದವನೊಬ್ಬ ಮನೆಗೆ ಬಂದಿದ್ದ. ಬೇರೆ ಜಾತಿಯವನೆಂದು ತಿಳಿದ ಕೂಡಲೇ ಅಪ್ಪ ಅವನನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿದ್ದರು. ಶರ್ವಾಣಿ ಜಗಳವಾಡಲಿಲ್ಲ. ಮದುವೆಯ ಮಾತನ್ನೇ ಮುಗಿಸಿಬಿಟ್ಟಳು. ಅಮ್ಮ ಹೋದ ಮೇಲಂತೂ ಅಪ್ಪನ ಮಾತ್ರೆ, ಅಪ್ಪನ ಊಟ, ಅಷ್ಟೇ ಅವಳ ಲೋಕ.

ಐದನೇ ವಾರ ಸಹೋದ್ಯೋಗಿ ಸಮನ್ವಿತಾ ನಕ್ಕಳು. "ಅಯ್ಯೋ ಪೆದ್ದಿ! ನೀನು ವಾರಾ ವಾರಾ ಬರ್ಲಿ ಅಂತ ಅವ್ನೇ ಸಡಿಲ ಬಿಡ್ತಿದ್ದಾನೆ ಕಣೇ. ಏಮಾರ್ತಿದ್ದೀಯ!"

ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಆ ಶನಿವಾರ ಶೆಡ್ಡಿನಲ್ಲಿ ಇಳಿದವಳೇ ಕೇಳಿಬಿಟ್ಟಳು.

"ನಿಜ ಹೇಳಿ ರೇವಂತ್. ಬೇಕೂಂತ ಸಡಿಲ ಬಿಡ್ತಿದ್ದೀರಾ? ನನ್ನ ನೋಡಿದ್ರೆ ಆಟ ಅನ್ಸತ್ತಾ ನಿಮ್ಗೆ?"

ಅವನು ಬಂಪರಿನ ತೂತುಗಳ ಮೇಲೆ ಬೆರಳಾಡಿಸುತ್ತಿದ್ದ. ಬೆರಳು ಒಂದು ಕಡೆ ನಿಂತಿತು.

"ತಪ್ಪು ನಂದೇ ಮೇಡಂ. ಇವತ್ತು ಸರಿ ಮಾಡ್ಕೊಡ್ತೀನಿ... ಮತ್ತೆ ಹೋದ್ರೆ ಬೇರೆ ಕಡೆ ತೋರ್ಸಿ."

ಒಪ್ಪಿಕೊಂಡುಬಿಟ್ಟ! ಇಲ್ಲ ಎನ್ನಲಿ ಎಂದೇ ಅಲ್ಲವೇ ಅವಳು ಕೇಳಿದ್ದು? ದಾರಿಯುದ್ದಕ್ಕೂ ಕಣ್ಣೀರು ನಿಲ್ಲಲಿಲ್ಲ.

ಮುಂದಿನ ಶನಿವಾರ ಬೆಳಗಿನ ಆರು ಗಂಟೆ. ಕಾಫಿ ಹಿಡಿದು ಹೋದರೆ ಹಾಸಿಗೆಯಲ್ಲಿ ಅಪ್ಪ ಇಲ್ಲ! ಗಾಬರಿಯಿಂದ ಹೊರಗೆ ಓಡಿದಳು.

ಚಕ್ರಪಾಣಿ ಕಾರಿನ ಮುಂದೆ ನೆಲದ ಮೇಲೆ ಕೂತಿದ್ದರು. ಏಳಲು ಆಗುತ್ತಿರಲಿಲ್ಲ. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಎರಡು ಕಪ್ಪು ಕ್ಲಿಪ್. ಪಕ್ಕದಲ್ಲಿ ಅವರ ನಶ್ಯದ ಡಬ್ಬಿ, ಅದರ ತುಂಬ ಕ್ಲಿಪ್‌ಗಳು.

"ಅಪ್ಪಾ... ನೀನಾ?"

"ಹೋದ ವಾರ ಕಣ್ಣು ಕೆಂಪು ಮಾಡ್ಕೊಂಡು ಬಂದ್ಯಲ್ಲ... ಇನ್ನೊಂದ್ಸಲ ಹೋದ್ರೆ ಸರಿಹೋಗತ್ತೇನೋ ಅಂತ..." ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕಿದರು. "ಅಲ್ಲಿಂದ ಬಂದಾಗ ನೀನು ಹಾಡ್ತಿದ್ದೆ ಮಗಳೇ. ಹತ್ತು ವರ್ಷ ಆಗಿತ್ತು, ಈ ಮನೇಲಿ ನಿನ್ನ ಹಾಡು ಕೇಳಿ."

"ಬಾಯಿಬಿಟ್ಟು ಹೇಳಬಾರ್ದಿತ್ತಾ ಅಪ್ಪಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಅವತ್ತು ಬಾಗಿಲು ಹಾಕ್ದೋನು ನಾನೇ ಅಲ್ವಾ... ಬಾಡಿದ ಬಾಳೆಕಂದನ್ನೇ ಬೀದಿಗೆ ಎಸೀದಿರೋ ಹುಡುಗ. ನಾನು ಹೋದ್ಮೇಲೆ ನಿನ್ನ ಕೈ ಬಿಡಲ್ಲ ಅನ್ನಿಸ್ತು."

ಶರ್ವಾಣಿ ಅಪ್ಪನ ಪಕ್ಕದಲ್ಲೇ ನೆಲಕ್ಕೆ ಕೂತು ಅವರ ಭುಜಕ್ಕೆ ಮುಖವಿಟ್ಟು ಅತ್ತಳು. ಹತ್ತು ವರ್ಷದ ಅಳು ಅದು.

ಒಂಬತ್ತು ಗಂಟೆಗೆ ಕಾರು ಶೆಡ್ಡಿನ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಚಕ್ರಪಾಣಿ. ಶರ್ವಾಣಿ ಇಳಿದು ರೇವಂತನ ಕೈಗೆ ಡಬ್ಬಿ ಇಟ್ಟಳು.

ಅವನು ಮುಚ್ಚಳ ತೆಗೆದು ನೋಡಿ ತಲೆ ತಗ್ಗಿಸಿದ.

"ನಿಮ್ಗೆ ಗೊತ್ತಿತ್ತು, ಅಲ್ವಾ?"

"ತಾನಾಗೇ ಹೋದ್ರೆ ಕ್ಲಿಪ್ ಮುರಿದು ತುಂಡು ಒಳಗೇ ಉಳಿಯತ್ತೆ. ಈ ಬಂಪರಿನ ತೂತಲ್ಲಿ ತುಂಡಿರ್ಲಿಲ್ಲ, ಚಮಚದಲ್ಲಿ ಮೀಟಿದ ಗೀರಿತ್ತು. ಮನೇಲಿರೋದು ನೀವಿಬ್ರೇ ಅಂದಿದ್ರಿ..."

"ಮತ್ತೆ ತಪ್ಪು ಯಾಕೆ ಒಪ್ಕೊಂಡ್ರಿ?"

"ಹೇಳಿದ್ರೆ ದೊಡ್ಡೋರನ್ನ ಬೈತಿದ್ರಿ." ಡಬ್ಬಿಯ ಮುಚ್ಚಳ ಹಾಕಿದ. "ಇನ್ನೊಂದು... ಮೂರನೇ ವಾರವೇ ಅನುಮಾನ ಬಂದಿತ್ತು. ಹೇಳ್ಲಿಲ್ಲ. ನೀವು ಬರೋದು ನಿಂತೋಗತ್ತೆ ಅಂತ ಭಯ ಆಯ್ತು. ಆ ತಪ್ಪು ನಿಜವಾಗ್ಲೂ ನಂದೇ."

ಕಾರಿನೊಳಗಿಂದ ದನಿ ಬಂತು. "ಏನಪ್ಪಾ, ಈ ಸಲ ಗಟ್ಟಿಯಾಗಿ ಹಾಕು. ನಂಗಿನ್ನು ಬಗ್ಗೋಕಾಗಲ್ಲ."

ರೇವಂತ್ ಕಣ್ಣೊರೆಸಿಕೊಂಡು ಕಾರಿನಡಿ ಮಲಗಿದ. ಶರ್ವಾಣಿ ಬಂಪರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಒಂದೊಂದೇ ಕ್ಲಿಪ್ ಟಕ್ಕೆಂದು ಕೂತಿತು. ಕೊನೆಯದನ್ನು ಹಾಕುವ ಮೊದಲು ಅವನ ಕೈ ನಿಂತಿತು.

"ಇದೂ ಹಾಕಿದ್ರೆ ಇನ್ನು ಸಡಿಲಾಗಲ್ಲ ಮೇಡಂ."

"ಹಾಕಿ ರೇವಂತ್. ನಂಗೆ ನೀವು ಬೇಕು. ಅದಕ್ಕೆ ಬಂಪರ್ ಬೀಳ್ಬೇಕಾಗಿಲ್ಲ."

ಕೊನೆಯ ಕ್ಲಿಪ್ ಕೂತಿತು. ಕಾರಿನಡಿಯಿಂದ ಮೆಲ್ಲಗೆ ಕೇಳಿದ.

"ಮತ್ತೆ... ಶನಿವಾರ?"

"ಮನೆಗೆ ಬನ್ನಿ, ಕಾಫಿಗೆ."

"ಬಾಗಿಲು ತಟ್ಟೋಕೆ ಧೈರ್ಯ ಬೇಕಲ್ಲ ಮೇಡಂ..."

"ತಟ್ಟೋದು ಬೇಡ," ಎಂದಳು ಶರ್ವಾಣಿ. "ಅಪ್ಪ ತೆಗೆದಿಟ್ಟಿರ್ತಾರೆ."